ನೂರಹತ್ತು ವೋಲ್ಟಿನ ಎಂಜಿನ್ನು

ಬಹರೈನಿನಲ್ಲಿ ಸಂಸಾರ ಹೂಡಿದ ನಮ್ಮವರ ಯಾರ ಮನೆಯಲ್ಲೇ ಆಗಲಿ, ಅಡುಗೆಮನೆಯ ಡ್ರಾಯರು ಎಳೆದು ನೋಡಿ: ಅಲ್ಲಿ ಅಡಾಪ್ಟರುಗಳ ಸಮ್ಮೇಳನವೇ ನೆರೆದಿರುತ್ತದೆ. ಊರಿನ ದುಂಡು ಕಾಲಿನ ಪ್ಲಗ್ಗಿನ ಮಿಕ್ಸಿಯನ್ನು ಇಲ್ಲಿನ ಚೌಕ ರಂಧ್ರದ ಗೋಡೆಗೆ ಒಗ್ಗಿಸುವ ಈ ಕ್ಷುದ್ರ ವಸ್ತುವಿನ ಮೇಲೆ ನಮಗಿರುವ ಶ್ರದ್ಧೆ ಕುಲದೇವರ ಮೇಲೂ ಇರಲಾರದು. ಮೂವತ್ತು ವರ್ಷ ವಿದ್ಯುತ್ತನ್ನೇ ನಂಬಿ ಬದುಕಿದ ದಾವಣಗೆರೆಯ ಈ ಎಂಜಿನಿಯರನೂ ಆ ಭಕ್ತವೃಂದಕ್ಕೆ ಹೊರತಲ್ಲ.

ಸಲ್ಮಾಬಾದಿನ ಮೋಟಾರು ರಿಪೇರಿ ವರ್ಕ್‌ಶಾಪೊಂದರಲ್ಲಿ ನನ್ನ ದುಡಿಮೆ. ಅದರ ಯಜಮಾನರು, ನಾವೆಲ್ಲ ಹಾಜಿ ಎಂದು ಕರೆಯುವ, ಎಂಬತ್ತು ದಾಟಿದ ಹಿರಿಯರು, ಹೋದ ತಿಂಗಳು ಒಂದು ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಟ್ಟರು. ಒಳಗೆ ಅಂಗೈಯುದ್ದದ ರೈಲು ಎಂಜಿನ್ನು, ಜೊತೆಗೆ ಅದರ ಟ್ರಾನ್ಸ್‌ಫಾರ್ಮರು. ಹರೆಯದಲ್ಲಿ ಅಮೆರಿಕದಲ್ಲಿ ಓದುವಾಗ ಕೊಂಡದ್ದಂತೆ. ಆ ಕಾಲಕ್ಕೆ ಅಲ್ಲಿ ಪರೀಕ್ಷೆಗೆಂದೇ ಕಟ್ಟಿದ್ದ ವಿದ್ಯುತ್ ಎಂಜಿನ್ನೊಂದರ ಪ್ರತಿರೂಪ ಅದು. ಮೇಲಿನ ತಂತಿಯಿಂದ ಬರುವ ಎ.ಸಿ. ವಿದ್ಯುತ್ತನ್ನು ಪಾದರಸದ ಪಾತ್ರೆಗಳಲ್ಲಿ ಡಿ.ಸಿ.ಯಾಗಿ ಪಳಗಿಸಿ ಮೋಟಾರುಗಳಿಗೆ ಉಣಿಸುವ ಸಾಹಸ. ಅಂಥವನ್ನು ಬೆರಳೆಣಿಕೆಯಷ್ಟೇ ಕಟ್ಟಿ, ಸರಕು ಎಳೆಸಿ, ಗುಣದೋಷ ಬರೆದುಕೊಂಡು, ಆಮೇಲೆ ಗುಜರಿಗೆ ಕಳಿಸಿದರಂತೆ. “ಓಡುತ್ತದೋ ನೋಡು” ಎಂದು ಹಾಜಿ ಹೊರಟುಹೋದರು. ರೈಲೇ ಇಲ್ಲದ ದ್ವೀಪದಲ್ಲಿ ನನಗೆ ರೈಲ್ವೆ ಇಲಾಖೆ ಒಪ್ಪಿಸಿದಂತಾಯಿತು.

ಓದುಗ ಮಿತ್ರರೇ, ಅದೇ ಹೊತ್ತಿಗೆ ಅದೇ ಹಾಜಿಯವರ ಮೇಜಿನ ಮೇಲೆ ನನ್ನ ವೀಸಾ ನವೀಕರಣದ ಕಾಗದ ಸಹಿಗೆ ಕಾದಿತ್ತು. ಮಗಳು ಹನ್ನೆರಡನೆಯ ತರಗತಿಯಲ್ಲಿದ್ದಾಳೆ. ಸಹಿ ಬೀಳದಿದ್ದರೆ ಪರೀಕ್ಷೆಗೆ ನಾಲ್ಕು ತಿಂಗಳಿರುವಾಗಲೇ ಜಿಂಜ್ ಬಡಾವಣೆಯ ಬಾಡಿಗೆ ಮನೆ ಖಾಲಿ ಮಾಡಿ ಊರಿಗೆ ಹೊರಡಬೇಕು. ಆ ಚಿಂತೆಯಲ್ಲೇ ಮುಳುಗಿದ್ದವನು ಟ್ರಾನ್ಸ್‌ಫಾರ್ಮರಿನ ಅಮೆರಿಕದ ಚಪ್ಪಟೆ ಕಾಲಿಗೆ ಅಡಾಪ್ಟರು ಸಿಕ್ಕಿಸಿ, ಗೋಡೆಗೆ ತೂರಿಸಿ, ಸ್ವಿಚ್ಚು ಒತ್ತಿದೆ. ಅಡಾಪ್ಟರು ಬದಲಿಸುವುದು ಕಾಲಿನ ಆಕಾರವನ್ನೇ ಹೊರತು ವೋಲ್ಟೇಜನ್ನಲ್ಲ ಎಂಬ ಪ್ರಾಥಮಿಕ ಸತ್ಯ ಹೊಗೆ ಎದ್ದಮೇಲೆ ಹೊಳೆಯಿತು. ನೂರಹತ್ತಕ್ಕೆ ಹುಟ್ಟಿದ ಜೀವಕ್ಕೆ ಇನ್ನೂರಮೂವತ್ತು ಕುಡಿಸಿದ್ದೆ.

ವೈಂಡಿಂಗ್ ಮಾಡುವ ಮಂಗಳೂರಿನ ಲಾರೆನ್ಸ್ ಬಂದು ಮೂಸಿ ನೋಡಿದ. “ಎಂತ ಮಾರಾಯ್ರೆ, ನೀವೇ ಹೀಗೆ ಮಾಡಿದ್ರೆ ಹೇಗೆ? ಕಾಯಿಲ್ ಪೂರಾ ಕರಟಿ ಹೋಗಿದೆ. ಸುಮ್ಮನೆ ಹೋಗಿ ಹೇಳಿಬಿಡಿ.”

ಹೇಳಲಿಲ್ಲ. ಮೂರು ದಿನ ಪೆಟ್ಟಿಗೆಯನ್ನು ಮೇಜಿನಡಿ ಬಚ್ಚಿಟ್ಟು, ಹಾಜಿಯವರ ಊರುಗೋಲಿನ ಸದ್ದಿಗೇ ಬೆವರಿದೆ. ಅವರು ಕ್ಯಾಂಟೀನಿನವನಿಗೆ ಏನೋ ಸುಟ್ಟ ವಾಸನೆ ಅಂದರೆ, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಪೆಟ್ಟಿಗೆ ಮುಟ್ಟಿ ನೋಡಿಕೊಂಡೆ. ಮನೆಯಲ್ಲಿ ಮಗಳು ಟೈಂಟೇಬಲ್ ಬರೆದು ಗೋಡೆಗೆ ಅಂಟಿಸಿದ್ದಳು. ಊಟಕ್ಕೆ ಆ ಗೋಡೆಗೆ ಬೆನ್ನು ಮಾಡಿ ಕೂರತೊಡಗಿದೆ.

ನಾಲ್ಕನೆಯ ದಿನ ತಡೆಯಲಾರದೆ ಪೆಟ್ಟಿಗೆ ಹೊತ್ತುಕೊಂಡು ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ಹಾಜಿ ಎಂಜಿನ್ನನ್ನು ಬಹಳ ಹೊತ್ತು ತಿರುವಿ ನೋಡಿದರು. “ಸುಟ್ಟುಹೋದೀತೆಂದು ಹೆದರಿ, ಇಲ್ಲಿಗೆ ತಂದ ಮೇಲೆ ನಾನು ಇದನ್ನು ಒಮ್ಮೆಯೂ ಓಡಿಸಲಿಲ್ಲ” ಎಂದರು. ಆಮೇಲೆ, ಆ ದೊಡ್ಡ ಎಂಜಿನ್ನುಗಳನ್ನು ಒಡೆದರೂ ಅವು ಕಲಿಸಿದ ವಿದ್ಯೆಯನ್ನು ಮುಂದಿನವುಗಳಲ್ಲಿ ಉಳಿಸಿಕೊಂಡರು ಎಂದು ವಿವರಿಸುತ್ತಲೇ ನನ್ನ ಕಾಗದ ಎಳೆದುಕೊಂಡರು. ಯಾವಾಗಲೂ ಎರಡು ವರ್ಷಕ್ಕೆ ಬೀಳುತ್ತಿದ್ದ ಸಹಿ ಒಂದೇ ವರ್ಷಕ್ಕೆ ಬಿತ್ತು. “ಹೊಸ ಎಂಜಿನಿಯರುಗಳು ಇಬ್ಬರಿದ್ದಾರಲ್ಲ, ಈ ವರ್ಷ ನಿನಗೆ ಗೊತ್ತಿರುವುದನ್ನೆಲ್ಲ ಅವರಿಗೆ ಕಲಿಸು.”

ಗುಜರಿಯ ಕಥೆಯನ್ನು ಅವರು ಯಾರನ್ನು ಕುರಿತು ಹೇಳಿದ್ದೆಂದು ತಿಳಿಯದಷ್ಟು ದಡ್ಡನಲ್ಲ ನಾನು. ಇದೇ ಇಲ್ಲಿನ ಕೊನೆಯ ವರ್ಷವೆಂದು ದುಃಖವಾಯಿತು, ಸುಳ್ಳೇಕೆ ಹೇಳಲಿ.

ಮನೆಗೆ ಬಂದು ಹೇಳಿದಾಗ ಮಗಳು ಪುಸ್ತಕದಿಂದ ತಲೆಯೆತ್ತಿ, “ಒನ್ ಇಯರ್ ಈಸ್ ಇನಫ್, ಅಪ್ಪಾ. ಎಕ್ಸಾಮ್ ಮುಗಿಯುತ್ತಲ್ಲ” ಎಂದು ನಕ್ಕಳು. ಎಷ್ಟೋ ದಿನದ ಮೇಲೆ ಅವಳು ನಕ್ಕದ್ದು. ಸಾಕು ಎಂದೆ ನಾನೂ.

ಮರುದಿನ ಬೆಳಿಗ್ಗೆ ಹೊಸಬರಿಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಮೊದಲ ಪಾಠವಾಗಿ, ನಾನು ಸುಟ್ಟ ಆ ಕಾಯಿಲನ್ನೇ ಬಿಚ್ಚಿ ತೋರಿಸಿದೆ.