ಸುರುಳಿಯ ಮೇಲಿನ ಪೆನ್ಸಿಲ್ ಗೆರೆ

೧೯೫೯ರ ಬೇಸಗೆ. ನಾನು ಪುತ್ತೂರಿನ ದರ್ಬೆಯಲ್ಲಿ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದೆ. ಕಡಬದ ಹತ್ತಿರದ ಒಬ್ಬ ಕ್ರಿಸ್ತಿಯನ್ ಹೆಂಗಸು, ನಮ್ಮ ಕಡೆಯ ಮಾತಿನಲ್ಲಿ ಬಾಯಮ್ಮ, ತಮ್ಮ ಪಿಯಾನೊ ನೋಡಲು ಹೇಳಿಕಳಿಸಿದರು. ಬೆರಳು ಬೇಡದ ಪಿಯಾನೊ ಅದು. ತೂತು ಕೊರೆದ ಕಾಗದದ ಸುರುಳಿ ಸಿಕ್ಕಿಸಿ ಕಾಲಲ್ಲಿ ತುಳಿದರೆ ತಾನೇ ನುಡಿಯುತ್ತದೆ. ರಬ್ಬರ್ ತೋಟದ ಬಿಳಿಯ ದೊರೆ ಸ್ವದೇಶಕ್ಕೆ ಹೊರಟಾಗ ತೋಟದ ಲೆಕ್ಕ ಬರೆಯುವ ರೈಟರಾಗಿದ್ದ ಅವರ ಗಂಡನಿಗೆ ಕೊಟ್ಟು ಹೋದದ್ದಂತೆ. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಅಂದಿನಿಂದ ಯಾರೂ ಮುಟ್ಟದೆ ಗಾಳಿಯ ತಿದಿ ಹರಿದಿತ್ತು.

ಬಾಯಮ್ಮನಿಗೆ ನನ್ನ ಮೇಲೆ ಮೊದಲಿನಿಂದಲೂ ಅನುಮಾನ. ಕುರ್ಚಿ ಎಳೆದುಕೊಂಡು ಎದುರೇ ಕೂತರು. ನಾನು ಬಿಚ್ಚಿದ ಒಂದೊಂದು ಸ್ಕ್ರೂವಿನ ಮೇಲೂ ಅವರ ಕಣ್ಣು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವರು ಎದ್ದು ಒಳಗೆ ಹೋದದ್ದು ಒಂದೇ ಸಲ, ಕಾಫಿ ತರಲು. ಆಗ ಸುರುಳಿ ಬಿಡಿಸಿ ನೋಡಿದೆ. ಕಾಗದದ ಉದ್ದಕ್ಕೂ ಅಂಕುಡೊಂಕಾದ ಪೆನ್ಸಿಲ್ ಗೆರೆ. ಯಾವುದೋ ಮಕ್ಕಳ ಗೀಚು ಎಂದುಕೊಂಡು, ಚೊಕ್ಕ ಮಾಡುವ ಉಮೇದಿನಲ್ಲಿ, ಮೊದಲ ಮೂರು ಮೊಳ ರಬ್ಬರಿನಿಂದ ಉಜ್ಜಿಬಿಟ್ಟೆ. ಅಷ್ಟರಲ್ಲಿ ಕಾಫಿ ಬಂತು.

ಸಂಜೆ ಕೆಲಸ ಮುಗಿಸಿ ನುಡಿಸಿದೆ. ಸ್ವರ ಸ್ವಚ್ಛ, ಲಯ ಗಡಿಯಾರದಷ್ಟು ಸರಿ. ಬಾಯಮ್ಮನ ಮುಖ ಮಾತ್ರ ಗಂಟಾಯಿತು.

"ಇದು ನಮ್ಮವರ ಪದ್ಯ ಅಲ್ಲ. ಅವರದ್ದು ನಿಂತು ನಿಂತು ಹೋಗುದು. ನಾನು ಒಳಗೆ ಹೋದಾಗ ಸುರುಳಿ ಬದಲಿಸಿದ್ರಾ ಆಚಾರ್ರೆ? ನಿಮ್ಮ ಸಾಮಾನಿನ ಪೆಟ್ಟಿಗೆ ತೆಗೀರಿ, ನೋಡುವ."

ಹುಟ್ಟಿದ ಮೇಲೆ ಕಳ್ಳ ಅನ್ನಿಸಿಕೊಂಡದ್ದು ಅದೇ ಮೊದಲು. ಪೆಟ್ಟಿಗೆಯನ್ನು ನೆಲಕ್ಕೆ ಕವುಚಿದೆ. ಉಳಿ, ಅಂಟು, ಬಟ್ಟೆ ಚೂರು, ರಬ್ಬರ್. ಸುರುಳಿ ಇರಲಿಲ್ಲ. ಆದರೂ ಅವರ ಸಂಶಯ ಹೋಗಲಿಲ್ಲ.

ಮುಂದಿನದ್ದೂ ಕೇಳಿ ಎಂದು ಸಿಟ್ಟಿನಲ್ಲೇ ತುಳಿದೆ. ಅಳಿಸದೆ ಉಳಿದ ಗೆರೆ ಕಾಣಿಸಿತು. ವೇಗ ಹೆಚ್ಚು ಕಡಿಮೆ ಮಾಡುವ ಹಿಡಿಯ ಮುಳ್ಳು ಸರಿಯಾಗಿ ಅದರ ಪಕ್ಕದಲ್ಲೇ ಇತ್ತು. ಮುಳ್ಳು ಗೆರೆಯ ಮೇಲೆಯೇ ಇರುವಂತೆ ಹಿಡಿಯನ್ನು ಸರಿಸುತ್ತ ಹೋದೆ. ಹಾಡು ಒಂದು ಕಡೆ ತಡೆದು ನಿಂತಿತು, ಮತ್ತೆ ಓಡಿತು, ಮತ್ತೆ ತಡೆಯಿತು. ಎಲ್ಲಿ ನಿಧಾನಿಸಬೇಕೆಂದು ಅವರ ಗಂಡ ಹಾಕಿಕೊಂಡ ಗುರುತು ಅದು. ಬಾಯಮ್ಮನಿಗೆ ತೋರಿಸಿದೆ.

ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಇದು ಅವರದ್ದೇ ಕೈ. ನಿಮ್ಮನ್ನು ಸುಮ್ಮನೆ ಸಂಶಯ ಮಾಡಿದೆ, ಬೇಜಾರು ಮಾಡ್ಬೇಡಿ. ಸುರುವಿನದ್ದೂ ಹೀಗೇ ನುಡಿಸಿ."

"ಸುರುವಿಗೆ ಗೆರೆ ಇಲ್ಲ ಬಾಯಮ್ಮ" ಎಂದೆ.

ಅವರು ನಂಬಿದರು. ಬಾಳೆಹಣ್ಣು ಕಟ್ಟಿಕೊಟ್ಟು ಬಸ್ಸಿನವರೆಗೂ ಬಂದರು. ನಂಬದೇ ಇದ್ದಾಗ ನನಗೆ ಸಿಟ್ಟು ಬಂದಿತ್ತು, ನಂಬಿದ ಮೇಲೆ ನಾಚಿಕೆಯಾಯಿತು. ಅಂದಿನಿಂದ ಯಾರ ವಾದ್ಯದ ಮೇಲಿನ ಗೀಚನ್ನೂ ಕೇಳದೆ ಅಳಿಸಿಲ್ಲ. ಆ ಮೂರು ಮೊಳದ ಮಾತನ್ನು ಮಾತ್ರ ಬಾಯಮ್ಮನಿಗೆ ಕೊನೆಗೂ ಹೇಳಲಿಲ್ಲ.