ಗಿಟಾರಿಗೆ ಕರ್ಚೀಫು ಸುತ್ತೋಕಾಗಲ್ಲ

ಬೆಳಗಿನ ಐದೂವರೆ. ಗುಂಡ್ಲುಪೇಟೆಯ ಆ ಗಲ್ಲಿಯಲ್ಲಿ ಒಂದೇ ಒಂದು ಅಂಗಡಿಯ ಷಟರ್ ಅರ್ಧ ಎದ್ದಿದೆ. ಊಟಿ ಕಡೆಯ ತರಕಾರಿ ಲಾರಿಗಳು ಹೊರಟುಹೋಗಿವೆ, ಮೂಲೆಯ ಟೀ ಅಂಗಡಿಯವನು ಇನ್ನೂ ಸ್ಟವ್ ಹಚ್ಚಿಲ್ಲ. ಬಗ್ಗಿ ಒಳಗೆ ನೋಡಿದರೆ ನೆಲದ ಮೇಲೆ ಗೋಣಿಚೀಲ, ಅದರ ಮೇಲೆ ಪಕ್ಕಕ್ಕೆ ಮಲಗಿಸಿದ ಕಬ್ಬಿಣದ ಪೆಟ್ಟಿಗೆ, ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ ನಲವತ್ತೆಂಟರ ಭಾನು. ಪೆಟ್ಟಿಗೆಯಲ್ಲಿ ನಾಲ್ಕು ಗಾಜಿನ ವಾಲ್ವುಗಳು ನಿಧಾನಕ್ಕೆ ಕೆಂಪಾಗುತ್ತಿವೆ. ಆಕೆ ಸ್ಪೀಕರಿಗೆ ಕಿವಿಯೊಡ್ಡಿ ಕೂತಿದ್ದಾರೆ. ನನಗೆ ಏನೂ ಕೇಳಿಸುತ್ತಿಲ್ಲ. ಆಕೆಗೆ ಏನೋ ಕೇಳಿಸುತ್ತಿದೆ.

"ಈ ಒತ್ನಲ್ಲಿ ಕರೆಂಟು ನೆಟ್ಟಗಿರ್ತದ ಸಾ. ಏಳು ಗಂಟೆ ಆಯ್ತು ಅಂದ್ರ ಎಲ್ರೂ ಮೋಟ್ರು, ಮಿಕ್ಸಿ ಆನ್ ಮಾಡ್ತರ. ಆಮ್ಯಾಕ ಗುಂಯ್ ಅನ್ನದು ಸೆಟ್ಟಿಂದಾ, ಲೈನಿಂದಾ ಅಂತ ಗೊತ್ತಾಗಲ್ಲ" ಎನ್ನುತ್ತಾರೆ. ಮುಖ ತಿರುಗಿಸದೆಯೇ ಕೈಯಿಂದ ನನಗೆ ಸುಮ್ಮನಿರಲು ಸನ್ನೆ ಮಾಡುತ್ತಾರೆ.

ಎಲೆಮರೆಯ ಕಾಯಿ ಎಂಬ ಮಾತು ನಮ್ಮ ಪತ್ರಿಕೆಯವರಿಗೆ ಬಲು ಪ್ರೀತಿ. ಕಾಯಿ ತಾನಾಗಿಯೇ ನಾಚಿಕೊಂಡು ಎಲೆಯ ಹಿಂದೆ ಹೋಗಿ ಕೂತಿತ್ತೇನೋ ಎಂಬ ಹಾಗೆ ಬರೆಯುತ್ತೇವೆ. ಭಾನು ವಿಷಯದಲ್ಲಿ ಎಲೆಯನ್ನು ತಂದು ಮುಚ್ಚಿದ ಕೈ ಯಾವುದೆಂದು ನನಗೆ ಗೊತ್ತಿದೆ. ಈ ಬರಹ ಅದರ ಬಗ್ಗೆಯೇ.

ಮೊದಲು ಕೆಲಸ ಏನೆಂದು ಹೇಳುತ್ತೇನೆ. ಮದುವೆಮನೆ, ಚುನಾವಣೆ ಭಾಷಣ, ಟೂರಿಂಗ್ ಟಾಕೀಸುಗಳಲ್ಲಿ ಅರವತ್ತು ವರ್ಷದ ಹಿಂದೆ ಕೂಗುತ್ತಿದ್ದ ವಾಲ್ವ್ ಆಂಪ್ಲಿಫೈಯರುಗಳಿವೆಯಲ್ಲ, ನಮ್ಮ ಕಡೆ ಮೈಕ್‌ಸೆಟ್ಟು ಎನ್ನುವುದು, ಅವನ್ನು ಗುಜರಿಯಿಂದ ಎತ್ತಿ ತಂದು ಭಾನು ಗಿಟಾರಿಗೆ ಹೊಂದಿಸುತ್ತಾರೆ. ಹನ್ನೊಂದು ವರ್ಷದಲ್ಲಿ ನಲವತ್ತಮೂರು ಸೆಟ್ಟು ಆಗಿದೆ. ಒಂದೊಂದಕ್ಕೂ ಮೂರು ವಾರ. ಒಣಗಿ ಉಬ್ಬಿದ ಕಂಡೆನ್ಸರುಗಳೆಲ್ಲ ಬದಲಾಗಬೇಕು. ಮಾತಿಗೆಂದು ಮಾಡಿದ ಸೆಟ್ಟಾದ್ದರಿಂದ ತಗ್ಗಿನ ಸ್ವರಗಳನ್ನು ಅದು ಒಳಗೇ ನುಂಗಿಬಿಡುತ್ತದೆ, ಆ ಬಾಗಿಲು ತೆರೆಯಬೇಕು. ಮರದ ತುದಿಯ ಹಾರ್ನುಗಳಿಗೆ ಉದ್ದುದ್ದ ತಂತಿಯಲ್ಲಿ ಸದ್ದು ಕಳಿಸುತ್ತಿದ್ದ ಟ್ರಾನ್ಸ್‌ಫಾರ್ಮರನ್ನು ಬಿಚ್ಚಿ, ಪಕ್ಕದಲ್ಲೇ ಇರುವ ಒಂದು ಸ್ಪೀಕರಿಗೆ ಸರಿಹೊಂದುವಂತೆ ಮತ್ತೆ ಸುತ್ತಬೇಕು.

ತಾಮ್ರದ ತಂತಿ ಸುತ್ತುವುದು ತಾಯಿ ಮಗಳು ಸೇರಿ. ಭಾನು ಕೈಯಲ್ಲಿ ಚಕ್ರ ತಿರುಗಿಸುತ್ತಾರೆ, ಎಪ್ಪತ್ತೆರಡರ ಸುಂದ್ರಮ್ಮ ಎಣಿಸುತ್ತಾರೆ. ನೂರು ಸುತ್ತಿಗೆ ಒಂದು ಹುಣಸೆ ಬೀಜ ತಟ್ಟೆಗೆ ಬೀಳುತ್ತದೆ. ಓದು ಬಾರದ ಸುಂದ್ರಮ್ಮನ ಲೆಕ್ಕ ಇಷ್ಟು ವರ್ಷದಲ್ಲಿ ತಪ್ಪಿದ್ದು ಒಂದೇ ಸಲ. ಅದೂ ನೆಂಟರು ಬಂದು ಮಾತಾಡಿಸಿದ್ದಕ್ಕೆ. "ಅವತ್ತಿಂದ ಸುತ್ತಾ ಒತ್ನಲ್ಲಿ ಯಾರ್ ಬಂದ್ರೂ ನಾನು ತಲ ಎತ್ತಲ್ಲ ಕಣಪ್ಪ. ಕಾಪಿ ಬೇಕಾದ್ರ ಅವ್ರೇ ಕಾಸ್ಕಂಡು ಕುಡೀಲಿ" ಎನ್ನುತ್ತಾರೆ ಸುಂದ್ರಮ್ಮ.

ಕೂಲಿ ಎಷ್ಟು ಸಿಗುತ್ತದೆ ಎಂಬುದನ್ನು ನಾನಿಲ್ಲಿ ಬರೆಯುವುದಿಲ್ಲ. ಸಿಟ್ಟಿಗೆ ಬೇರೆ ಕಾರಣಗಳೇ ಸಾಕಷ್ಟಿವೆ.

ಭಾನು ಹುಟ್ಟಿದ್ದು ಕುದೇರಿನಲ್ಲಿ. ಅಪ್ಪ ದೊಡ್ಡಮಾದಯ್ಯ ಆ ಸುತ್ತಿನ ಹಳ್ಳಿಗಳಿಗೆಲ್ಲ ಮೈಕ್‌ಸೆಟ್ಟಿನ ಮಾದಯ್ಯ. ಸೆಟ್ಟನ್ನು ತಲೆಯ ಮೇಲೆ, ಹಾರ್ನನ್ನು ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದ ಮನುಷ್ಯ. ದೊಡ್ಡ ಮನೆಗಳ ಮದುವೆಯಲ್ಲಿ ಸೆಟ್ಟಿಗೆ ಜಗುಲಿಯ ಮೇಲೆ ಚಾಪೆ ಹಾಸಿ ಜಾಗ ಕೊಡುತ್ತಿದ್ದರು. ದೊಡ್ಡಮಾದಯ್ಯನಿಗೆ ಜಾಗ ಅಂಗಳದಾಚೆಯ ಕೊಟ್ಟಿಗೆಯ ಹತ್ತಿರ. ಸೌಂಡು ಹೆಚ್ಚು ಕಡಿಮೆ ಮಾಡಬೇಕೆಂದರೆ ಅಲ್ಲಿಂದಲೇ ಕೂಗಿ ಹೇಳಬೇಕು, ಮನೆಯವರು ಯಾರಾದರೂ ತಿರುಪು ತಿರುಗಿಸಬೇಕು.

"ಒಂದ್ಸಲ ಆ ಮನೆಯವರೊಬ್ರು ತಿರುಪು ಮುಟ್ಟಿ ಕೈ ಜುಂ ಅಂದ್ಬುಡ್ತು. ನಮ್ಮಪ್ಪ ಮೊದ್ಲೇ ಏಳಿದ್ರು, ಒದ್ದೆ ಕೈಲಿ ಮುಟ್ಬ್ಯಾಡಿ ಅಂತ. ಆದ್ರೂ ಬೈಸ್ಕಂಡಿದ್ದು ನಮ್ಮಪ್ಪನೇ. ಮುಟ್ಟಕ ಬುಡ್ನಿಲ್ಲ, ಮುಟ್ದವ್ರಿಗೆ ಏನಾರ ಆದ್ರ ಮಾತ್ರ ತಪ್ಪು ನಮ್ದು" ಎಂದು ಭಾನು ಹೇಳುವಾಗ ಆಕೆಯ ದನಿ ಏರುವುದಿಲ್ಲ. ಕೇಳಿದ ನನ್ನದು ಏರಿತು.

ಹಳೇ ಸೆಟ್ಟುಗಳ ಈ ಜುಂ ಎನ್ನುವ ಗುಣಕ್ಕೆ ಮೈಕ್‌ಸೆಟ್ಟಿನವರು ತಮ್ಮದೇ ಒಂದು ಉಪಾಯ ಕಂಡುಕೊಂಡಿದ್ದರು. ಮೈಕಿಗೆ ಕರ್ಚೀಫು ಸುತ್ತುವುದು. ಎರಡು ಕಡ್ಡಿಯ ಪ್ಲಗ್ಗು, ಅರ್ತಿಂಗ್ ಇಲ್ಲದ ಮನೆಗಳು, ಮೈಕಿನ ತಗಡಿಗೂ ಅಷ್ಟಿಷ್ಟು ಕರೆಂಟು ಬರುತ್ತಿತ್ತು. ಭಾಷಣಕಾರರು ಅದು ಎಂಜಲು ತಾಗದಿರಲೆಂದು ಸುತ್ತಿದ್ದು ಅಂದುಕೊಂಡರು, ಕೆಲವರು ಮರ್ಯಾದೆಗೆಂದೂ ತಿಳಿದರು. ಎಷ್ಟು ಜನ ಮುಖಂಡರ ತುಟಿಯನ್ನು ಮೈಕ್‌ಸೆಟ್ಟಿನವರ ಕರ್ಚೀಫು ಕಾಪಾಡಿದೆಯೋ, ಲೆಕ್ಕ ಇಟ್ಟವರಿಲ್ಲ.

ಗಿಟಾರು ನುಡಿಸುವವರು ತನ್ನ ಬಾಗಿಲಿಗೆ ಬಂದಾಗ ಭಾನು ಮೊದಲು ಯೋಚಿಸಿದ್ದು ಇದನ್ನೇ. "ಗಿಟಾರಿಗೆ ಕರ್ಚೀಫು ಸುತ್ತೋಕಾಗಲ್ಲ ಸಾ. ಅದ್ರ ತಂತಿ ಅಂದ್ರ ಸೆಟ್ಟಿನ ಮೈಯ್ಯೇ. ಬರಿಗೈಲಿ ಹಿಡ್ಕಂಡು ಗಂಟೆಗಟ್ಲೆ ನುಡಿಸ್ತರ. ಅದ್ಕೇ ಯಾವ ಸೆಟ್ಟು ಬಂದ್ರೂ ನಾನು ಮೊದ್ಲು ಮಾಡದು ಹಳೇ ವೈರು ಕಿತ್ತಾಕದು." ಮೂರು ಕಡ್ಡಿಯ ಪ್ಲಗ್ಗು, ಹೊಸ ವೈರು, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತಿಂಗಿನ ಹಸಿರು ತಂತಿ ಪೆಟ್ಟಿಗೆಯ ಮೈಗೆ ಬೆಸುಗೆ. ವೈರು ಒಳಗೆ ಬರುವ ಕಡೆ ಒಂದು ಗಂಟು, ಯಾರು ಎಳೆದರೂ ಎಳೆತ ಬೆಸುಗೆಗೆ ಮುಟ್ಟದಿರಲಿ ಎಂದು. ಆ ಗಂಟು ಅಪ್ಪ ಕಲಿಸಿದ್ದು.

ಈ ಸೆಟ್ಟುಗಳನ್ನು ಮೈಸೂರಿನ ಒಂದು ವಾದ್ಯದಂಗಡಿ ಕೊಂಡು ಮಾರುತ್ತದೆ. ವಾಲ್ವಿನ ಸದ್ದಿಗೆ ಈಗ ಬೇಡಿಕೆಯಿದೆ. ಜೋರಾಗಿ ಮೀಟಿದರೆ ಸ್ವರ ಒಡೆಯುವುದಿಲ್ಲ, ದಪ್ಪಗಾಗುತ್ತದೆ. "ಬೆಲ್ಲ ಪಾಕಕ್ಕ ಬಂದಂಗೆ" ಎನ್ನುತ್ತಾರೆ ಭಾನು. ಅಂಗಡಿಯವರ ಜಾಹೀರಾತು ನೋಡಿದ್ದೇನೆ. ಮರದ ಮೇಜು, ಹಳದಿ ದೀಪ, ಹೊಳೆಯುವ ಸೆಟ್ಟು, ಕೆಳಗೆ "ನಮ್ಮ ಇಂಜಿನಿಯರುಗಳ ತಂಡದಿಂದ ಪುನರುಜ್ಜೀವನ". ತಂಡವಂತೆ. ಒಬ್ಬಳು ಹೆಂಗಸು, ಆಕೆಯ ತಾಯಿ, ಒಂದು ತಟ್ಟೆ ಹುಣಸೆ ಬೀಜ.

ಅದನ್ನೂ ಭಾನು ಸಹಿಸಿಕೊಂಡಿದ್ದರು. ಗುಂಡ್ಲುಪೇಟೆಯ ಈ ಅಂಗಡಿಗೆ ಬಂದವರು ಇಂದಿಗೂ "ರಿಪೇರಿ ಮಾಡೋರು ಇಲ್ವಾ?" ಎಂದು ಆಕೆಯನ್ನೇ ಕೇಳುತ್ತಾರೆ. ಅದಕ್ಕೂ ಒಗ್ಗಿಹೋಗಿದ್ದಾರೆ. ಒಗ್ಗಲಾಗದ್ದು ನಡೆದದ್ದು ಕಳೆದ ತಿಂಗಳು.

ಚಾಮರಾಜನಗರದಲ್ಲಿ ಗಿಟಾರು ಕಲಿಸುವ ರಾಜಶೇಖರ್ ಮೈಸೂರಿನ ಆ ವಾದ್ಯದಂಗಡಿಯಿಂದ ಭಾನು ಮಾಡಿದ ಒಂದು ಸೆಟ್ಟು ಕೊಂಡಿದ್ದರು. ಶಾಲೆಯೊಂದರ ಸಮಾರಂಭ. ವೇದಿಕೆಯ ಮೇಲೆ ದೀಪ ಹಚ್ಚಿದ್ದರಿಂದ ಎಲ್ಲರಂತೆ ಅವರೂ ಚಪ್ಪಲಿ ಬಿಟ್ಟು ಹತ್ತಿದರು. ನೆಲ ಆಗಷ್ಟೇ ಒರೆಸಿದ್ದು. ಗಿಟಾರಿನ ತಂತಿಗೆ ಕೈಯಿಟ್ಟದ್ದೇ ತಡ, ಎಳೆದು ಹಿಂದಕ್ಕೆ ಎಸೆದಂತೆ ಬಿದ್ದರು. ಪುಣ್ಯಕ್ಕೆ ಬಿದ್ದ ರಭಸಕ್ಕೆ ಪ್ಲಗ್ಗು ಕಿತ್ತುಬಂತು. ಮೂರು ದಿನ ಎಡಗೈಯ ಎರಡು ಬೆರಳಿಗೆ ಸ್ಪರ್ಶವೇ ಇರಲಿಲ್ಲ.

ಅವರು ಅಂಗಡಿಗೆ ಫೋನ್ ಮಾಡಿದರು. ಹನ್ನೊಂದು ವರ್ಷ ಇಂಜಿನಿಯರುಗಳ ತಂಡವಿದ್ದ ಅಂಗಡಿಯಲ್ಲಿ ಅವತ್ತು ಇದ್ದಕ್ಕಿದ್ದಂತೆ ಇಂಜಿನಿಯರುಗಳು ಮಾಯವಾದರು. "ಅದು ಗುಂಡ್ಲುಪೇಟೆಲಿ ಭಾನು ಅಂತ ಒಬ್ಬ ಹೆಂಗಸು ಮಾಡಿದ್ದು. ನಾವು ನಂಬಿ ಮೋಸ ಹೋದ್ವಿ" ಎಂದು ಉತ್ತರ ಬಂತು. ಮೊಸರು ತಿಂದ ಮಂಗ ಮೇಕೆಯ ಬಾಯಿಗೆ ಒರೆಸಿದ್ದು ಹೀಗೆ. ರಾಜಶೇಖರ್ ಸಿಟ್ಟಿನಲ್ಲಿ ಅದನ್ನೇ ಬರೆದು ವಾದ್ಯಗಾರರ ವಾಟ್ಸಾಪ್ ಗುಂಪುಗಳಿಗೆಲ್ಲ ಹಾಕಿದರು. ಹೆಸರು, ಊರು, ಅಂಗಡಿಯಿರುವ ಗಲ್ಲಿ ಎಲ್ಲ ಸರಿಯಾಗಿತ್ತು. ವಾರದೊಳಗೆ, ರಿಪೇರಿಗೆಂದು ಭಾನು ಹತ್ತಿರ ಬಿಟ್ಟಿದ್ದ ಐದು ಸೆಟ್ಟುಗಳಲ್ಲಿ ನಾಲ್ಕನ್ನು ಮಾಲೀಕರು ಬಂದು ಎತ್ತಿಕೊಂಡು ಹೋದರು. ಒಂದನ್ನು ಬಿಚ್ಚಿದ ಹಾಗೆಯೇ, ಸ್ಕ್ರೂಗಳನ್ನು ಪೊಟ್ಟಣ ಕಟ್ಟಿಸಿಕೊಂಡು.

"ನಾನು ಒಂದೇ ಕೇಳ್ದೆ ಸಾ. ಆ ಸೆಟ್ಟು ತಂದು ನನ್ ಮುಂದ ಇಡಿ. ತಪ್ಪು ನಂದಾದ್ರ ಅವತ್ತೇ ಷಟರ್ ಎಳ್ದ್ಬುಡ್ತೀನಿ. ಕೂಲಿಗ ಓಗಿ ಬದುಕ್ತೀನಿ. ಆದ್ರ ನೋಡ್ದೆ ಮಾತ್ರ ಒಪ್ಕಳಲ್ಲ."

ರಾಜಶೇಖರ್ ತಂದರು. ಜಗಳಕ್ಕೆಂದೇ ಬಂದೆ ಎಂದು ಈಗ ಅವರೇ ಒಪ್ಪಿಕೊಳ್ಳುತ್ತಾರೆ. "ಬಸ್ಸಲ್ಲಿ ಬರೋವಾಗ ಏನೇನು ಬೈಬೇಕು ಅಂತ ಜೋಡಿಸ್ಕೊಂಡು ಬಂದಿದ್ದೆ. ಈಯಮ್ಮ ಸ್ಕ್ರೂಡ್ರೈವರ್ ನನ್ನ ಕೈಗೇ ಕೊಟ್ರು. ನೀವೇ ಬಿಚ್ಚಿ ಮೇಷ್ಟ್ರೇ, ನಾನ್ ಮುಟ್ಟಿದ್ರೆ ಬದಲಾಯಿಸಿಬಿಟ್ಳು ಅಂತೀರಿ ಅಂದ್ರು."

ಬಿಚ್ಚಿದರು. ಮೂರು ಕಡ್ಡಿಯ ಪ್ಲಗ್ಗು ಇಲ್ಲ. ಅದರ ಜಾಗದಲ್ಲಿ ಬಟ್ಟೆ ಹೆಣೆದ ಹಳೇ ಕಾಲದ ವೈರು, ಎರಡು ಕಡ್ಡಿ. ಗಂಟು ಇಲ್ಲ. ಎಳೆದಾಟಕ್ಕೆ ಒಳಗಿನ ಒಣ ರಬ್ಬರು ಬಿರುಕು ಬಿಟ್ಟು ಕರೆಂಟಿನ ತಂತಿ ಪೆಟ್ಟಿಗೆಯ ಮೈಗೆ ತಾಗಿ ಕೂತಿತ್ತು. ಪೆಟ್ಟಿಗೆಯ ಮೂಲೆಯಲ್ಲಿ ಭಾನು ಹಾಕಿದ ಬೆಸುಗೆ ಹಾಗೇ ಇತ್ತು. ಅದಕ್ಕೆ ಅಂಟಿಕೊಂಡು ಅರ್ಧ ಇಂಚು ಹಸಿರು ತಂತಿ, ಕಟ್ಟರ್‌ನಲ್ಲಿ ಕತ್ತರಿಸಿದ್ದು. ಆ ತುಂಡನ್ನು ನಾನೂ ನೋಡಿದ್ದೇನೆ. "ಅರ್ತಿಂಗ್ ಇದ್ದಿದ್ರ ತಂತಿ ತಾಗಿದ್ ಗಳಿಗೇಲೇ ಫ್ಯೂಸು ಆರೋಗದು. ಸೆಟ್ಟು ಸಾಯದು, ಮನ್ಸ ಉಳ್ಯದು" ಎಂದರು ಭಾನು.

ಯಾಕೆ ಕತ್ತರಿಸಿದರು? ನಾನು ಅಂಗಡಿಯವರಿಗೇ ಫೋನ್ ಮಾಡಿ ಕೇಳಿದೆ. ಮೊದಲು "ಅದು ಟೆಕ್ನಿಕಲ್ ವಿಷಯ, ನಿಮಗೆ ಗೊತ್ತಾಗಲ್ಲ" ಎಂದರು. ಗೊತ್ತಾಗುತ್ತದೆ ಎಂದೆ, ಅರ್ಧ ಇಂಚಿನ ತುಂಡಿನ ಬಗ್ಗೆ ಹೇಳಿದೆ. ಆಗ "ಹೊಸ ಪ್ಲಗ್ ಇದ್ರೆ ಫೋಟೋದಲ್ಲಿ ಹಳೇ ಕಾಲದ್ದು ಅನ್ಸಲ್ಲ ಸರ್. ಗಿರಾಕಿಗಳು ಒರಿಜಿನಲ್ ಲುಕ್ ಕೇಳ್ತಾರೆ" ಎಂದರು. ಲುಕ್ಕಿಗಾಗಿ. ಒಬ್ಬ ಮನುಷ್ಯನ ಜೀವಕ್ಕೆ ಕಾವಲಿದ್ದ ತಂತಿಯನ್ನು ಫೋಟೋ ಚೆನ್ನಾಗಿ ಬರಲೆಂದು ಕತ್ತರಿಸಿ, ಜೀವ ಹೋಗುವಂತಾದಾಗ ಆ ತಂತಿ ಹಾಕಿದವಳನ್ನೇ ಬೀದಿಗೆ ಎಳೆದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂದು ನಗುತ್ತ ಹೇಳಿ ಮುಗಿಸುವ ವಿಷಯವಲ್ಲ ಇದು. ಇಲ್ಲಿ ಜ್ವರ ತರಿಸಿದವರೇ ಬರೆಯನ್ನೂ ಹಾಕಿದ್ದಾರೆ. ಕ್ಷಮೆ ಕೇಳುತ್ತೀರಾ ಎಂದದ್ದಕ್ಕೆ ಲೈನ್ ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತುತ್ತಿಲ್ಲ.

ರಾಜಶೇಖರ್ ಅಂದೇ ಗುಂಪುಗಳಿಗೆಲ್ಲ ತಪ್ಪೊಪ್ಪಿಗೆ ಬರೆದು ಹಾಕಿದರು. ಮೊದಲಿನದನ್ನು ಹಂಚಿದಷ್ಟು ಉತ್ಸಾಹದಿಂದ ಇದನ್ನು ಯಾರೂ ಹಂಚಲಿಲ್ಲ. ಎತ್ತಿಕೊಂಡು ಹೋದ ನಾಲ್ಕು ಸೆಟ್ಟುಗಳಲ್ಲಿ ಒಂದೂ ವಾಪಸ್ಸು ಬಂದಿಲ್ಲ. ಹುಣಸೆ ಬೀಜದ ತಟ್ಟೆ ಕಪಾಟಿನ ಮೇಲಿದೆ. "ಎಣಿಸಕ ಕೆಲ್ಸಾನೇ ಇಲ್ವಲ್ಲಪ್ಪ" ಎನ್ನುತ್ತಾರೆ ಸುಂದ್ರಮ್ಮ.

ಈ ಬೆಳಗ್ಗೆ ಗೋಣಿಚೀಲದ ಮೇಲಿರುವುದು ರಾಜಶೇಖರ್ ಅವರ ಸೆಟ್ಟೇ. ಮೂರು ಕಡ್ಡಿಯ ಪ್ಲಗ್ಗು, ಹಸಿರು ತಂತಿ, ಗಂಟು ಎಲ್ಲ ಮತ್ತೆ ಹಾಕಿಯಾಗಿದೆ. ಏಳು ಗಂಟೆಯ ಹೊತ್ತಿಗೆ ಅವರು ಚಾಮರಾಜನಗರದಿಂದ ಬರುತ್ತಾರೆ, ಬೆನ್ನಿಗೆ ಗಿಟಾರಿದೆ. ಭಾನು ವೈರು ಜೋಡಿಸಿ, ನುಡಿಸಿ ನೋಡಿ ಎನ್ನುತ್ತಾರೆ. ರಾಜಶೇಖರ್ ಗಿಟಾರನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಾರೆ. ಕೈ ಮಾತ್ರ ತಂತಿಯ ಮೇಲೆ ಅರ್ಧ ಅಡಿ ಎತ್ತರದಲ್ಲೇ ನಿಂತುಬಿಡುತ್ತದೆ. "ತಪ್ಪು ತಿಳ್ಕೋಬೇಡಿ ಅಮ್ಮ, ಕೈ ಹೋಗ್ತಿಲ್ಲ" ಎನ್ನುತ್ತಾರೆ.

ಭಾನು ಚಪ್ಪಲಿ ಕಳಚಿ, ಹೂಜಿಯ ನೀರನ್ನು ನೆಲಕ್ಕೆ ಚೆಲ್ಲಿ, ಅದರ ಮೇಲೆ ನಿಲ್ಲುತ್ತಾರೆ. ಒಂದು ಅಂಗೈಯನ್ನು ಪೆಟ್ಟಿಗೆಯ ಕಬ್ಬಿಣದ ಮೇಲೆ ಒತ್ತುತ್ತಾರೆ, ಇನ್ನೊಂದನ್ನು ಗಿಟಾರಿನ ಆರೂ ತಂತಿಗಳ ಮೇಲೆ ಬಿಡುತ್ತಾರೆ. ಸ್ಪೀಕರಿನಿಂದ ಶ್ರುತಿಯಿಲ್ಲದ ದಪ್ಪನೆಯ ಒಂದು ಸದ್ದು ಹೊರಟು ಗಲ್ಲಿ ತುಂಬುತ್ತದೆ. ಸುಂದ್ರಮ್ಮ ಬಾಗಿಲಲ್ಲಿ ನಿಂತಿದ್ದಾರೆ. ಭಾನು ಕೈ ತೆಗೆಯುವುದಿಲ್ಲ. ರಾಜಶೇಖರ್ ತಲೆ ತಗ್ಗಿಸಿ, ಆಕೆಯ ಬೆರಳುಗಳ ಪಕ್ಕದಲ್ಲೇ ತಮ್ಮ ಬೆರಳುಗಳನ್ನೂ ಇಡುತ್ತಾರೆ.

ಹೊರಡುವ ಮುಂಚೆ ನಾನು ಕೇಳಿದೆ, ನಿಮ್ಮ ಹೆಸರು ಹಾಕಿ ಬರೆಯಲೇ, ಇಷ್ಟೆಲ್ಲ ಆದ ಮೇಲೆ ಬೇಡ ಎಂದರೆ ಬದಲಾಯಿಸುತ್ತೇನೆ ಎಂದು. ಆಕೆ ಒದ್ದೆ ಕಾಲನ್ನು ಗೋಣಿಚೀಲಕ್ಕೆ ಒರೆಸುತ್ತಿದ್ದರು.

"ಯಾಕ್ ಬದ್ಲಾಯಿಸ್ತೀರಿ? ಶಾಕ್ ಒಡ್ದಾಗ ಎಲ್ರೂ ನನ್ ಹೆಸ್ರು ಬರುದ್ರು. ಒಡೀಲಿಲ್ಲ ಅಂತ್ಲೂ ಒಬ್ರು ಬರೀಲಿ. ಕುದೇರು ದೊಡ್ಡಮಾದಯ್ಯನ ಮಗಳು ಭಾನು ಅಂತ, ಪೂರ್ತಿ ಬರೀರಿ ಸಾ."