ಮಡಿಲಿಗೆ ಬೀಳದ ನಿಂಬೆಗಿಡ

ನಮ್ಮ ಅತ್ತೆ ಚಿಕ್ಕಬೋರಮ್ಮನವರ ಊರು ಹೊಣಕೆರೆ ಹತ್ತಿರ. ಅವರ ನಿಂಬೆತೋಟದ ಮೂಲೆಯಲ್ಲಿ ಒಂದು ಹಳೇ ಮರವಿತ್ತು. ಮನೆಯ ಹೆಣ್ಣುಮಗಳ ಮದುವೆ ಗೊತ್ತಾದೊಡನೆ ಅತ್ತೆ ಅದರದೊಂದು ಕೊಂಬೆಯ ತೊಗಟೆ ಸುಲಿದು, ಒದ್ದೆಮಣ್ಣು ಮೆತ್ತಿ, ಗೋಣಿತಾಟು ಸುತ್ತಿ ಬೇರು ಬರಿಸುತ್ತಿದ್ದರು. ಹೆಣ್ಣು ಕಳಿಸುವ ದಿನ ಮಡಿಲಕ್ಕಿಯ ಜೊತೆ ಆ ಗಿಡವೂ ಸೆರಗಿಗೆ ಬೀಳುತ್ತಿತ್ತು. ನನ್ನ ಹೆಂಡತಿ ರಂಜಿತಳ ಜೊತೆ ಪಾಂಡವಪುರಕ್ಕೂ ಒಂದು ಬಂತು. ಅಂದಿನಿಂದ ಅತ್ತೆ ಫೋನ್ ಮಾಡಿದರೆ ಮೊದಲು ವಿಚಾರಿಸುವುದು ಗಿಡದ ಆರೋಗ್ಯ. ಆಮೇಲೆ, ನೆನಪಾದರೆ, ಅಳಿಯನದು.

ಈ ವರ್ಷ ನನ್ನ ಮಗಳು ಹೇಮಶ್ರೀಯ ಮದುವೆ ಹೊಸಹೊಳಲಿನ ಹುಡುಗನ ಜೊತೆ ಗೊತ್ತಾಯಿತು. "ಅಜ್ಜಿ, ನಂಗೆ ಬೇರೇನೂ ಬೇಡ, ಗಿಡ ಮಾತ್ರ ಮರೀಬೇಡ" ಎಂದಿದ್ದಳು. ಗೋಣಿತಾಟಿನೊಳಗೆ ಬೇರು ಒಡೆಯುವ ಹೊತ್ತಿಗೆ ತೋಟದ ಎಲೆಗಳು ಅಲ್ಲಲ್ಲಿ ಹಳದಿಯಾದವು, ಕಾಯಿ ಸೊಟ್ಟಗಾದವು. ಗೊಬ್ಬರ ಸಾಲದೆಂದು ನಾನು ತೀರ್ಪು ಕೊಟ್ಟೆ. ನಿಂಬೆಯ ವಿಷಯದಲ್ಲಿ ನನ್ನ ಪಾಂಡಿತ್ಯ ಉಪ್ಪಿನಕಾಯಿ ಜಾಡಿಯ ಆಚೆಗೆ ಹೋದದ್ದಿಲ್ಲ.

ತೋಟಗಾರಿಕೆ ಅಧಿಕಾರಿ ರಘುನಂದನ್ ಎಲೆ ಪರೀಕ್ಷೆ ಮಾಡಿಸಿಕೊಂಡು ಬಂದರು. "ಎಳ್ಳಿನಷ್ಟಿರೋ ಜಿಗಿಹುಳ ಹರಡೋ ರೋಗ ಇದು, ಮದ್ದಿಲ್ಲ ಅಮ್ಮ. ಹುಳಕ್ಕೆ ಔಷಧಿ ಹೊಡೆದು, ರೋಗದ ಮರ ಎಲ್ಲಾ ಬೇರುಸಹಿತ ತೆಗೀಬೇಕು. ಇಲ್ದಿದ್ರೆ ಪಕ್ಕದ ತೋಟಕ್ಕೂ ಹೋಗುತ್ತೆ."

"ಈ ಹಳೇ ಮರವ?"

"ಅದಕ್ಕೂ ಬಂದಿದೆ."

ಅತ್ತೆ ಗೋಣಿತಾಟಿನ ಮೇಲೆ ಕೈಯಿಟ್ಟರು. "ಈ ಕೊಂಬೆ ಅಸ್ರಾಗೇ ಅದಲ್ಲಪ್ಪ. ಇದೊಂದ ಬುಟ್ಬುಡಿ. ಮಗೀಗೆ ಮಾತು ಕೊಟ್ಟಿವ್ನಿ."

"ಹಸಿರಾಗಿದ್ರೂ ಒಳಗೆ ರೋಗ ಇರುತ್ತಮ್ಮ. ನೆಟ್ಟ ಕಡೆಗೂ ಹೋಗುತ್ತೆ."

ಮಚ್ಚು ಹಿಡಿದು ನಿಂತಿದ್ದ ಮಾವ ದೇವಯ್ಯನವರು, "ನನ್ನ ಕಡ್ದಾಕಿ ಅಂದಿದ್ರೆ ಇಷ್ಟೊತ್ತು ತಗತಿರ್ನಿಲ್ಲ ಕಣಪ್ಪ ಇವ್ಳು" ಎಂದರು.

ಅತ್ತೆ ನನ್ನ ಕಡೆ ತಿರುಗಿದರು. "ಅಳಿಯಂದ್ರೆ, ಹೊಸಹೊಳಲು ಬೀಗರದೂ ನಿಂಬೆತೋಟವೇ ಅಲ್ವಾ?"

ಹೌದೆಂದು ತಲೆಯಾಡಿಸಿದೆ.

"ಔಷ್ದಿ ಒಡ್ದ ಮೇಲೆ ಮಚ್ಚ ನಂಗೆ ಕೊಡಿ" ಎಂದರು ಮಾವನಿಗೆ. ಮೊದಲ ಏಟು ಆ ಕೊಂಬೆಗೇ ಹಾಕಿದರು. ತಾಟು ಬಿಚ್ಚಿದರೆ ಬೆಳ್ಳನೆಯ ಬೇರು ದಟ್ಟವಾಗಿ ಬಂದಿತ್ತು.

ಹೆಣ್ಣು ಕಳಿಸುವಾಗ ಹೇಮಶ್ರೀ ಸೆರಗೊಡ್ಡಿ ನಿಂತಳು. ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿದ ಮೇಲೆ ಅತ್ತೆಯ ಕೈ ರೂಢಿಯಂತೆ ಪಕ್ಕಕ್ಕೆ ಹೋಗಿ, ಬರಿದಾಗಿ ಹಿಂದಿರುಗಿತು. "ಅಷ್ಟೇ ಕಣವ್ವ" ಎಂದರು. ಅವಳು ಸೆರಗು ಮಡಚದೆ ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು.

ಪರೀಕ್ಷೆ ಮಾಡಿಸಿದಾಗ ರೋಗ ಕಂಡು, ನಮ್ಮ ಮನೆಯ ಗಿಡವನ್ನೂ ತೆಗೆಸಿದೆವು. ಈಗ ಅತ್ತೆ ಫೋನ್ ಮಾಡಿದರೆ ಮೊದಲು ನನ್ನ ಆರೋಗ್ಯವನ್ನೇ ಕೇಳುತ್ತಾರೆ. ಚೆನ್ನಾಗಿದ್ದೀನಿ ಅತ್ತೆ ಅನ್ನುತ್ತೇನೆ. ಆಮೇಲೆ ವಿಚಾರಿಸಲು ಗಿಡವಿಲ್ಲ, ಫೋನನ್ನು ರಂಜಿತಳ ಕೈಗೆ ಕೊಡುತ್ತೇನೆ.